ಆ ಒಂದು ಗಂಟೆಯನ್ನು ಕೇಳಿ ಪಡೆಯಿರಿ

ನಿಮ್ಮ ಮನೆಯ ಮಗು ನೀಟ್ ಅಥವಾ ಜೆಇಇ ಬರೆಯುವುದಿದೆಯೇ? ಕಣ್ಣಿನದೋ ಕೈಯದೋ ಕಲಿಕೆಯದೋ ತೊಂದರೆಯೂ ಇದೆಯೇ? ಹಾಗಿದ್ದರೆ ಅರ್ಜಿಯನ್ನು ನೀವೇ ಪಕ್ಕದಲ್ಲಿ ಕೂತು ತುಂಬಿಸಿ. ಸೈಬರ್ ಸೆಂಟರ್ ಹುಡುಗನ ಕೈಗೆ ಆಧಾರ್, ಫೋಟೊ ಕೊಟ್ಟು "ನೀನೇ ನೋಡ್ಕೊಂಡು ತುಂಬಪ್ಪಾ" ಎಂದು ಬಂದುಬಿಡುತ್ತೀರಿ. ಅವನು ಅಂಗವೈಕಲ್ಯದ ಕಾಲಂನಲ್ಲಿ "ಇಲ್ಲ" ಎಂದು ಒತ್ತಿರುತ್ತಾನೆ. ಹಾಲ್ ಟಿಕೆಟ್ ಕೈಗೆ ಬಂದಮೇಲೆ ಓಡಾಡಿದರೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗುತ್ತದೆ.

ಬರೆಯಲು ಕಷ್ಟವಿರುವ ಅಂಗವಿಕಲ ವಿದ್ಯಾರ್ಥಿಗಳಿಗೆ ಗಂಟೆಗೆ 20 ನಿಮಿಷದಂತೆ, 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚು ಸಿಗುತ್ತದೆ. ಅದು ಯಾರ ಕೃಪೆಯೂ ಅಲ್ಲ, ಹಕ್ಕು. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ (ಬರವಣಿಗೆಯ ಕಲಿಕಾ ತೊಂದರೆ) ಇದ್ದ ಹುಡುಗಿಯೊಬ್ಬಳಿಗೆ ಪರೀಕ್ಷಾ ಕೇಂದ್ರದವರು ಆ ಒಂದು ಗಂಟೆ ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಂಡರು. ಸುಪ್ರೀಂ ಕೋರ್ಟ್ ಅದು ಅನ್ಯಾಯವೆಂದೇ ಹೇಳಿತು, ಸಿಬ್ಬಂದಿಗೆ ತರಬೇತಿ ಕೊಡಿ ಎಂದೂ ಹೇಳಿತು. ಆದರೆ ಮರುಪರೀಕ್ಷೆಗೆ ಒಪ್ಪಲಿಲ್ಲ. ಗೆದ್ದರೂ ಹೋದ ಗಂಟೆ ಬರಲಿಲ್ಲ ನೋಡಿ!

ಅಂಗವೈಕಲ್ಯದ ಸರ್ಟಿಫಿಕೇಟ್ ವಿಷಯದಲ್ಲಂತೂ ನಿಮ್ಮ ಉದಾಸೀನ ಬಹಳ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಇಂದೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ರ ಮೀಸಲಾತಿ ಇರುವುದು ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿದ್ದವರಿಗೆ. ಹಾಗೆಂದು ಶೇ 40ಕ್ಕಿಂತ ಕಡಿಮೆಯಿದ್ದರೆ ಕೈಚೆಲ್ಲಬೇಡಿ. ಬರೆಯಲು ತೊಂದರೆಯಿದೆ ಎಂದು ಸರ್ಕಾರಿ ವೈದ್ಯರ ಪ್ರಮಾಣಪತ್ರವಿದ್ದರೆ ಅವರಿಗೂ ಬರೆಯುವ ಸಹಾಯಕರು, ಹೆಚ್ಚು ಸಮಯ ಸಿಗುವಂತೆ 2022ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿದೆ. ಪ್ರಮಾಣಪತ್ರ ಮಾತ್ರ ಆಯಾ ಪರೀಕ್ಷೆಯ ನಮೂನೆಯಲ್ಲೇ ಇರಬೇಕು.

ಸಹಾಯಕರ ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಮಾಹಿತಿ ಪುಸ್ತಿಕೆ ನೋಡಿ. ಹೇಳಿ ಬರೆಸುವುದೂ ಒಂದು ವಿದ್ಯೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಮನೆಯಲ್ಲೇ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು, ಪ್ರಶ್ನೆ ಓದಿಸಿ, "ಮೂರನೇ ಆಯ್ಕೆ, ವೃತ್ತ ತುಂಬು" ಎಂದು ಹೇಳಿ, ಪೂರಾ 4 ಗಂಟೆಯ ಅಭ್ಯಾಸ ಮಾಡಿಸಿ. ಓಎಂಆರ್ ಹಾಳೆಯಲ್ಲಿ ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಇನ್ನು, ಪ್ರತಿಯೊಂದಕ್ಕೂ ನೀವೇ ಮುಂದೆ ನಿಲ್ಲಬೇಡಿ; ಗೇಟಿನೊಳಗೆ ನಿಮಗೆ ಪ್ರವೇಶವಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ. "ಸರ್, ನನಗೆ ಒಂದು ಗಂಟೆ ಹೆಚ್ಚು ಸಮಯವಿದೆ, ಪತ್ರ ಇಲ್ಲಿದೆ" ಎಂದು ಪರೀಕ್ಷೆ ಶುರುವಾಗುವ ಮೊದಲೇ ಹೇಳುವುದನ್ನು ಮಗುವಿಗೆ ಕಲಿಸಿ. ಮೇಲ್ವಿಚಾರಕರು ಒಪ್ಪದಿದ್ದರೆ ಕೇಂದ್ರದ ಮುಖ್ಯಸ್ಥರನ್ನು ಕರೆಸಲು ಕೇಳಲಿ.