ಬ್ರೇಕ್ ಪ್ಯಾಡುಗಳು ಏಕೆ ಒಂದೇ ಸಮನಾಗಿ ಸವೆಯುವುದಿಲ್ಲ?

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯಕ್ಕೆ ಮಿತ್ರರೊಬ್ಬರು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ತಂದರು. ಅವರು ಹಾಸನದ ಕಡೆಯವರು. ಕ್ರೋಂಪೇಟೆಯಲ್ಲಿ ಮಾಲೀಕರೊಬ್ಬರ ಕಾರನ್ನು ಓಡಿಸುತ್ತಾರೆ. ಗಂಟು ಬಿಚ್ಚಿ ನೋಡಿದರೆ, ಮುಂದಿನ ಎರಡು ಚಕ್ರಗಳಿಂದ ತೆಗೆದ ನಾಲ್ಕು ಬ್ರೇಕ್ ಪ್ಯಾಡುಗಳು. ಎಂಟು ತಿಂಗಳಲ್ಲಿ ಎರಡನೆಯ ಸಲ ಪ್ಯಾಡು ಬದಲಾಯಿಸಬೇಕಾಗಿ ಬಂದಿತ್ತು. "ನಿನ್ನ ಕಾಲು ಭಾರ, ತುಳಿದು ತುಳಿದು ಬ್ರೇಕು ಹಾಳುಮಾಡುತ್ತೀ" ಎಂದು ಮಾಲೀಕರು ಎರಡು ಸಲವೂ ಅದರ ಬೆಲೆಯನ್ನು ಅವರ ಸಂಬಳದಲ್ಲಿ ಹಿಡಿದಿದ್ದರು. ಹಣ ಹೋದದ್ದಕ್ಕಿಂತ, ಹದಿನೈದು ವರ್ಷ ಕಾರು ಓಡಿಸಿದವನಿಗೆ ಬ್ರೇಕು ಹಾಕಲು ಬಾರದು ಎಂಬ ಮಾತು ಅವರಿಗೆ ಹೆಚ್ಚು ನಾಟಿತ್ತು.

ನಾನು ಗಿರಣಿಯ ಗುಮಾಸ್ತ. ಯಂತ್ರಶಾಸ್ತ್ರ ಓದಿದವನಲ್ಲ, ನನ್ನ ಓದು ಮೆಟ್ರಿಕ್ಕಿಗೆ ನಿಂತಿತು. ಆದರೆ ಗಿರಣಿಯ ವಾಹನಗಳ ರಿಪೇರಿ ಬಿಲ್ಲುಗಳು ನನ್ನ ಮೇಜಿನ ಮೇಲಿಂದಲೇ ಹಾದುಹೋಗುತ್ತವೆ. ಬಿಲ್ಲಿಗೆ ರುಜು ಹಾಕುವ ಮೊದಲು ಷೆಡ್ಡಿಗೆ ಹೋಗಿ, ಏಕೆ, ಏನು ಎಂದು ಕೇಳುವುದು ನನ್ನ ಅಭ್ಯಾಸ. ಹೀಗೆ ಕೇಳಿ, ಕಣ್ಣಾರೆ ನೋಡಿ ಕಲಿತದ್ದನ್ನು ನಮ್ಮ ಚಾಲಕ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

1. ಡಿಸ್ಕ್ ಬ್ರೇಕು ಕೆಲಸ ಮಾಡುವ ಬಗೆ

ತಿರುಗುವ ಸೈಕಲ್ ಚಕ್ರವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನಿಲ್ಲಿಸುವುದನ್ನು ನೆನೆಯಿರಿ. ಡಿಸ್ಕ್ ಬ್ರೇಕಿನ ತತ್ತ್ವವೂ ಇದೇ. ಚಕ್ರದ ಜೊತೆಯಲ್ಲಿ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ, ಇದೇ ಡಿಸ್ಕು. ಅದರ ಒಳಬದಿಗೆ ಒಂದು, ಹೊರಬದಿಗೆ ಒಂದು, ಹೀಗೆ ಎರಡು ಪ್ಯಾಡುಗಳು. ಎರಡನ್ನೂ ಹಿಡಿದಿರುವ ಇಕ್ಕಳದಂಥ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತ 1902ರಲ್ಲೇ ಇಂಥ ಬ್ರೇಕಿಗೆ ಹಕ್ಕುಪತ್ರ ಪಡೆದಿದ್ದ. ಆದರೆ 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಲೋಕದ ಕಣ್ಣು ಅದರ ಮೇಲೆ ಬಿದ್ದಿತು. ನಮ್ಮ ಚೆನ್ನೈಯ ಪಾಡಿಯಲ್ಲಿರುವ ಬ್ರೇಕ್ಸ್ ಇಂಡಿಯಾ ಸಂಸ್ಥೆ ಆರಂಭವಾದದ್ದು 1962ರಲ್ಲಿ.

ಪೆಡಲನ್ನು ತುಳಿದಾಗ ಕೊಳವೆಯಲ್ಲಿರುವ ಬ್ರೇಕ್ ದ್ರವದ ಮೇಲೆ ಒತ್ತಡ ಬೀಳುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪಾಸ್ಕಲನ ನಿಯಮ. ಶಾಲೆಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಆದುದರಿಂದ ಮುಂದಿನ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ತಲಪುವ ಒತ್ತಡ ಒಂದೇ.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಿನ ಪ್ರತಿಬಲದಿಂದ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನು ಡಿಸ್ಕಿಗೆ ಎಳೆದು ಹಿಡಿಯುತ್ತದೆ. ಕಾಲು ತೆಗೆದಾಗ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಉಂಗುರ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪಿಸ್ಟನ್ ಸಲೀಸಾಗಿ ಹಿಂದಕ್ಕೆ ಬರುವುದು, ಕ್ಯಾಲಿಪರ್ ಸಲೀಸಾಗಿ ಜಾರುವುದು, ಇವೆರಡೂ ನಡೆದರೆ ಪ್ಯಾಡುಗಳು ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ. ಒಂದು ಕೆಟ್ಟರೂ ಸವೆತ ಓರೆಕೋರೆಯಾಗುತ್ತದೆ.

2. ಮೇಜಿನ ಮೇಲಿನ ನಾಲ್ಕು ಪ್ಯಾಡುಗಳು

ಈಗ ಮಿತ್ರರ ಗಂಟಿಗೆ ಹಿಂತಿರುಗೋಣ. ಹೊಸ ಪ್ಯಾಡಿನಲ್ಲಿ ಉಜ್ಜುವ ಪದಾರ್ಥದ ದಪ್ಪ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸಬೇಕು. ಸ್ಕೇಲು ಹಿಡಿದು ಅಳೆದೆವು. ಬಲ ಚಕ್ರದ ಎರಡು ಪ್ಯಾಡುಗಳಲ್ಲೂ 6 ಮಿಲಿಮೀಟರಿನಷ್ಟು ಉಳಿದಿತ್ತು. ಎಡ ಚಕ್ರದ ಹೊರಗಿನದರಲ್ಲಿ 8. ಅದರ ಜೊತೆಯ ಒಳಗಿನದರಲ್ಲಿ ಮಾತ್ರ 1 ಮಿಲಿಮೀಟರೂ ಸರಿಯಾಗಿ ಇರಲಿಲ್ಲ. ಇನ್ನು ಕೆಲವು ದಿನ ಕಳೆದಿದ್ದರೆ ಹಿಂದಿನ ಕಬ್ಬಿಣವೇ ಡಿಸ್ಕನ್ನು ಕೆರೆಯುತ್ತಿತ್ತು.

ಇದನ್ನು ನೋಡಿದ ಮೇಲೆ ಕಾಲಿನ ಮೇಲಿನ ಆಪಾದನೆ ನಿಲ್ಲುವುದೆಂತು? ಕಾಲಿನ ಕೆಳಗೆ ಪೆಡಲು ಇರುವುದು ಒಂದೇ. ಎಡ ಚಕ್ರವನ್ನು ಒತ್ತಿ ಬಲ ಚಕ್ರವನ್ನು ಬಿಡಲು, ಒಳಗಿನ ಪ್ಯಾಡನ್ನು ಒತ್ತಿ ಹೊರಗಿನದನ್ನು ಬಿಡಲು ಯಾವ ಚಾಲಕನಿಂದಲೂ ಆಗದು. ಚಾಲಕ ಒರಟನಾದರೆ ಪ್ಯಾಡುಗಳು ಬೇಗ ಸವೆಯುತ್ತವೆ, ನಿಜ. ಆದರೆ ಎರಡು ಕಡೆಯೂ ಸಮನಾಗಿ ಸವೆಯುತ್ತವೆ. ಬೇಗ ಸವೆಯುವುದು ಬೇರೆ, ಓರೆಯಾಗಿ ಸವೆಯುವುದು ಬೇರೆ. ಮೊದಲನೆಯದಕ್ಕೆ ಕಾಲನ್ನೂ ರಸ್ತೆಯನ್ನೂ ಕೇಳಬೇಕು. ಎರಡನೆಯದಕ್ಕೆ ಯಂತ್ರವನ್ನೇ ಕೇಳಬೇಕು.

3. ಸವೆತದ ಗುರುತುಗಳು

ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ. ಅದಕ್ಕೆ ಗಾಬರಿ ಬೇಡ. ಅದಕ್ಕೂ ಮೀರಿದರೆ ಕೆಳಗಿನಂತೆ ನೋಡತಕ್ಕದ್ದು.

(ಅ) ಒಳಗಿನ ಪ್ಯಾಡು ತೆಳು, ಹೊರಗಿನದು ದಪ್ಪ: ಪಿಸ್ಟನ್ ಹಿಂದಕ್ಕೆ ಬರದೆ ಹಿಡಿದುಕೊಂಡಿದೆ, ಅಥವಾ ಪಿನ್ನುಗಳು ಬಿಗಿದು ಕ್ಯಾಲಿಪರ್ ಜಾರುತ್ತಿಲ್ಲ.

(ಆ) ಹೊರಗಿನದು ತೆಳು, ಒಳಗಿನದು ದಪ್ಪ: ಕಾಲು ತೆಗೆದ ಮೇಲೂ ಕ್ಯಾಲಿಪರ್ ತನ್ನ ಸ್ಥಾನಕ್ಕೆ ಮರಳುತ್ತಿಲ್ಲ, ಹೊರಗಿನ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇದೆ. ಇಲ್ಲಿ ಮೊದಲ ಗುಮಾನಿ ಪಿನ್ನುಗಳ ಮೇಲೆ.

(ಇ) ಒಂದೇ ಪ್ಯಾಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು, ಬೆಣೆಯಂತೆ: ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಬಿಗಿದಿರಬಹುದು, ಅಥವಾ ಪ್ಯಾಡಿನ ಕಿವಿಗಳು ಕೂರುವ ಜಾಗದಲ್ಲಿ ತುಕ್ಕು ಕಟ್ಟಿ ಪ್ಯಾಡು ಸರಿದಾಡುತ್ತಿಲ್ಲ.

(ಈ) ಒಂದು ಚಕ್ರದ ಎರಡೂ ಪ್ಯಾಡುಗಳು ತೆಳು, ಎದುರಿನ ಚಕ್ರದವು ದಪ್ಪ: ತೆಳುವಾದ ಕಡೆ ಬ್ರೇಕು ಬಿಡುತ್ತಿಲ್ಲ. ರಬ್ಬರ್ ಹೋಸು ಒಳಗೇ ಊದಿ ದ್ರವ ಹಿಂದಕ್ಕೆ ಬರದಂತೆ ತಡೆದಿರುವುದೂ ಉಂಟು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಚಕ್ರದ ಬಳಿ ಅಂಗೈ ಹಿಡಿದರೆ ಆ ಕಡೆಯ ಕಾವು ಹೆಚ್ಚಾಗಿರುವುದು ತಿಳಿಯುತ್ತದೆ. ಡಿಸ್ಕನ್ನು ಮಾತ್ರ ಮುಟ್ಟಬೇಡಿ, ಕೈ ಸುಟ್ಟೀತು.

(ಉ) ಮುಂದಿನ ನಾಲ್ಕೂ ಸಮನಾಗಿ, ಆದರೆ ಬಹು ಬೇಗ ಸವೆಯುವುದು: ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು. ಹಿಂದಿನ ಬ್ರೇಕು ತನ್ನ ಪಾಲನ್ನು ಮಾಡುತ್ತಿದೆಯೇ ಎಂದು ನೋಡಿಸಬೇಕು. ಪಲ್ಲಾವರದಿಂದ ತಾಂಬರಂವರೆಗೆ ಜಿ.ಎಸ್.ಟಿ. ರಸ್ತೆಯಲ್ಲಿ ಹೆಜ್ಜೆಗೊಂದು ಬ್ರೇಕು ಹಾಕುವ ಕಾರಿಗೆ ಇದು ಸಹಜವೂ ಆಗಿರಬಹುದು.

4. ನಮ್ಮ ಊರಿನ ನೀರು ಮತ್ತು ಗಾಳಿ

ಗೈಡ್ ಪಿನ್ನಿನ ಮೇಲೆ ಒಂದು ಚಿಕ್ಕ ರಬ್ಬರ್ ಟೋಪಿ ಇರುತ್ತದೆ. ಅದು ಹರಿದರೆ ನೀರೂ ಮಣ್ಣೂ ಒಳಸೇರಿ ಪಿನ್ನಿಗೆ ತುಕ್ಕು ಹಿಡಿಯುತ್ತದೆ. ಕಡಲ ಗಾಳಿಯ ಚೆನ್ನೈಯಲ್ಲಿ ತುಕ್ಕಿಗೆ ಬರವಿಲ್ಲ. 2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡವರಿಗೆ, ಚಕ್ರ ಮುಳುಗುವಷ್ಟು ನೀರಿನಲ್ಲಿ ನಿಂತ ಕಾರುಗಳ ನೆನಪಿದ್ದೇ ಇದೆ. ಅಂಥ ನೀರಿನಲ್ಲಿ ನಿಂತ ಕಾರಿನ ಪಿನ್ನುಗಳನ್ನು ಒಮ್ಮೆ ಬಿಚ್ಚಿ ನೋಡಿಸುವುದು ಕ್ಷೇಮ. ಬ್ರೇಕ್ ದ್ರವವೂ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ಜಾತಿಯ ಹೊಸ ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ತೇವ ಹೀರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಆದುದರಿಂದ ಕಾರಿನ ಕೈಪಿಡಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ದ್ರವವನ್ನು ಬದಲಾಯಿಸಬೇಕು.

5. ರಿಪೇರಿ ಮಾಡಿಸುವಾಗ

ಬ್ರೇಕು ಪ್ರಾಣದ ವಿಷಯ. ಕೆಲಸವನ್ನು ಬಲ್ಲವರ ಕೈಯಲ್ಲೇ ಮಾಡಿಸಿ, ಹತ್ತಿರ ನಿಂತು ಇವನ್ನು ಗಮನಿಸಿ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನಿಂದ ನೇತುಬಿಡಬಾರದು, ತಂತಿಯಲ್ಲಿ ಕಟ್ಟಬೇಕು. ಬ್ರೇಕಿನ ದೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇದ್ದರೆ ಆ ದೂಳು ಶ್ವಾಸಕೋಶಕ್ಕೆ ವಿಷ. ಪಿನ್ನಿಗೆ ಸಾಮಾನ್ಯ ಗ್ರೀಸು ಹಚ್ಚಿದರೆ ರಬ್ಬರ್ ಊದಿ ಮತ್ತೆ ಬಿಗಿಯುತ್ತದೆ. ಬ್ರೇಕಿಗೆಂದೇ ಇರುವ ಗ್ರೀಸು ಬೇಕು, ಅದೂ ಪ್ಯಾಡಿನ ಮುಖಕ್ಕೆ ತಾಗಕೂಡದು. ಡಿಸ್ಕಿನ ದಪ್ಪ ಅದರ ಕನಿಷ್ಠ ಮಿತಿಗಿಂತ ಕೆಳಗಿಳಿದಿದ್ದರೆ ಅದನ್ನೂ ಬದಲಾಯಿಸಬೇಕು. ಪ್ಯಾಡುಗಳನ್ನು ಎಡ ಬಲ ಎರಡು ಚಕ್ರಗಳಿಗೂ ಒಟ್ಟಿಗೆ ಹಾಕಬೇಕು. ಕೊನೆಯದಾಗಿ, ಕಾರನ್ನು ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವ ತನಕ ಹಲವು ಸಲ ತುಳಿಯಬೇಕು. ಇದನ್ನು ಮರೆತರೆ ಮೊದಲ ತುಳಿತಕ್ಕೆ ಬ್ರೇಕೇ ಹಿಡಿಯದು.

6. ಮಿತ್ರರ ಕಥೆ ಏನಾಯಿತು?

ನಾಲ್ಕು ಪ್ಯಾಡುಗಳನ್ನು ಹಾಗೆಯೇ ಕಟ್ಟಿಕೊಂಡು ಹೋಗಿ ಮಾಲೀಕರ ಮುಂದಿಡಿ, ಅವರನ್ನೇ ಜೊತೆಯಲ್ಲಿ ಕರೆದುಕೊಂಡು ಹೋಗಿ ಎಡ ಚಕ್ರ ಬಿಚ್ಚಿಸಿ ಎಂದು ಹೇಳಿದೆವು. ಬಿಚ್ಚಿದಾಗ ಎರಡು ಪಿನ್ನುಗಳೂ ತುಕ್ಕಿನಿಂದ ಬಿಗಿದಿದ್ದವು. ಸುತ್ತಿಗೆ ಇಲ್ಲದೆ ಈಚೆಗೆ ಬರಲಿಲ್ಲ. ಮೊದಲ ಸಲವೇ ಇದನ್ನು ನೋಡಿದ್ದರೆ ಎರಡನೆಯ ಜೊತೆ ಪ್ಯಾಡಿನ ಖರ್ಚೇ ಬರುತ್ತಿರಲಿಲ್ಲ. ಹೊಸ ಪಿನ್ನು, ರಬ್ಬರ್ ಟೋಪಿ, ಗ್ರೀಸು, ಇವಿಷ್ಟರ ಖರ್ಚು ಒಂದು ಜೊತೆ ಪ್ಯಾಡಿನ ಬೆಲೆಯಷ್ಟೂ ಆಗಲಿಲ್ಲ.

ಮಾಲೀಕರು ಕಣ್ಣಾರೆ ಕಂಡದ್ದನ್ನು ಒಪ್ಪಿಕೊಂಡು ಎರಡನೆಯ ಸಲ ಹಿಡಿದ ಹಣವನ್ನು ಹಿಂತಿರುಗಿಸಿದರು. ಮೊದಲ ಸಲದ್ದು ಬರಲಿಲ್ಲ. ಆ ಪ್ಯಾಡುಗಳು ಗುಜರಿಗೆ ಹೋಗಿದ್ದವು, ತೋರಿಸಲು ಸಾಕ್ಷಿ ಇರಲಿಲ್ಲ. ಗಿರಣಿಯಲ್ಲಿ ಹಾನಿಯ ಹೆಸರಿನಲ್ಲಿ ಕೂಲಿ ಹಿಡಿಯುವ ಮುನ್ನ ಕೆಲಸಗಾರನಿಗೆ ಕಾರಣ ಹೇಳಲು ಅವಕಾಶ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಷ್ಟು ಹಳೆಯದು. ಮನೆಯ ಕಾರು ಓಡಿಸುವವನನ್ನು ಹಾಗೆ ಕೇಳುವವರು ಕಡಮೆ. ಅವನು ತನ್ನ ಸಾಕ್ಷಿಯನ್ನು ತಾನೇ ಜೋಪಾನ ಮಾಡಿಕೊಳ್ಳಬೇಕು.

ಆದಕಾರಣ, ಬಂಧುಗಳೇ, ಪ್ಯಾಡು ಬದಲಾಯಿಸಿದಾಗಲೆಲ್ಲ ಹಳೆಯ ಪ್ಯಾಡುಗಳನ್ನು ಕೇಳಿ ಪಡೆಯಿರಿ. ಯಾವುದು ಯಾವ ಚಕ್ರದ್ದು, ಒಳಗಿನದೋ ಹೊರಗಿನದೋ ಎಂದು ಸೀಮೆಸುಣ್ಣದಲ್ಲಿ ಬರೆದಿಡಿ. ದಿನಾಂಕವನ್ನೂ ಕಾರು ಓಡಿದ ಕಿಲೋಮೀಟರನ್ನೂ ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿ. ಕಾರಿಗೂ ಕ್ಷೇಮ, ಸಂಬಳಕ್ಕೂ ಕ್ಷೇಮ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಒಳಗಿನ ಪ್ಯಾಡು ಮಾತ್ರ ಸವೆದಿದ್ದರೆ ಚಾಲಕನ ಕಾಲನ್ನು ಏಕೆ ದೂರಬಾರದು?
2. ಪಿಸ್ಟನ್ ಒಂದೇ ಕಡೆ ಇದ್ದರೂ ಹೊರಗಿನ ಪ್ಯಾಡು ಡಿಸ್ಕನ್ನು ಹೇಗೆ ಒತ್ತುತ್ತದೆ?
3. ಬೆಣೆಯಂತೆ ಸವೆದ ಪ್ಯಾಡು ಯಾವ ದೋಷವನ್ನು ಸೂಚಿಸುತ್ತದೆ?

ಮಿತ್ರರು ಆ ನಾಲ್ಕು ಪ್ಯಾಡುಗಳನ್ನು ವಾಚನಾಲಯಕ್ಕೇ ಕೊಟ್ಟಿದ್ದಾರೆ. ಪತ್ರಿಕೆಗಳ ಕಪಾಟಿನ ಕೆಳಗಿನ ಅರೆಯಲ್ಲಿವೆ. ಭಾನುವಾರ ಬಂದವರು ಕೈಯಲ್ಲಿ ಹಿಡಿದು ನೋಡಬಹುದು.