ಉಕ್ತಲೇಖನದ ದಿನದ ಹೊಟ್ಟೆನೋವು

ಮಗಳೇ, ನೀನು ಕಳಿಸಿದ ರಿಪೋರ್ಟ್ ಓದಿದೆ. ಪುಟ್ಟನಿಗೆ ಡಿಸ್ಲೆಕ್ಸಿಯಾ ಅಂತ ಗೊತ್ತಾದಾಗಿನಿಂದ ವಿಶೇಷ ಪಾಠ ಹೇಳುವವರನ್ನು ಹುಡುಕುತ್ತಿದ್ದೀಯ. ಹುಡುಕು, ಅದು ಬೇಕೇ ಬೇಕು. ಆದರೆ ಉಕ್ತಲೇಖನ ಇರುವ ದಿನ ಬೆಳಿಗ್ಗೆ ಅವನಿಗೆ ಹೊಟ್ಟೆನೋವು ಬರುತ್ತದೆ ಅಂದೆಯಲ್ಲ, ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಅವನು ನಾಟಕ ಮಾಡುತ್ತಿಲ್ಲ. ಅದಕ್ಕೆ ಕೌನ್ಸೆಲಿಂಗ್ ಬೇಕು, ಪಾಠಕ್ಕಿಂತ ಮೊದಲೇ ಬೇಕು.

32 ವರ್ಷ ಪ್ರೈಮರಿ ಶಾಲೆಯಲ್ಲಿ ಕಲಿಸಿದವಳು ನಾನು. ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ‘ಅಕ್ಕಿ’ ಅಂದರೆ ‘ಅಕಿ’ ಬರೆಯುತ್ತಿದ್ದ. ನೂರು ಸಲ ಬರೆದುಕೊಂಡು ಬಾ ಅಂದೆ. ನೂರು ಸಲವೂ ಒತ್ತು ಬಿಟ್ಟೇ ಬರೆದು ತಂದ. ಸೊಕ್ಕು ಅಂದುಕೊಂಡು ಇಡೀ ಕ್ಲಾಸಿನೆದುರು ದಡ್ಡ ಅಂದುಬಿಟ್ಟೆ. ರಾತ್ರಿ ಎಷ್ಟು ಹೊತ್ತು ಕೂತು ಬರೆದಿದ್ದನೋ, ಕೇಳಲಿಲ್ಲ. ಕೊರಳ ಗಂಟೆಯ ಸದ್ದಿನಲ್ಲೇ ಇದು ಯಾರ ಮನೆ ಎತ್ತು ಎಂದು ಹೇಳುತ್ತಿದ್ದ ಹುಡುಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಆಗ ನಮಗ್ಯಾರಿಗೂ ಡಿಸ್ಲೆಕ್ಸಿಯಾ ಅನ್ನುವ ಹೆಸರೂ ಗೊತ್ತಿರಲಿಲ್ಲ. ಈಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಇದೂ ಸೇರಿದೆ. ಸರ್ಟಿಫಿಕೇಟ್ ಮಾಡಿಸಿಡು, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಕೌನ್ಸೆಲಿಂಗ್‌ಗೆ ಹೊರಡುವಾಗ ಆಂಟಿ ಆಟ ಆಡಿಸ್ತಾರೆ ಬಾ ಎಂದು ಪುಸಲಾಯಿಸಬೇಡ. ಹತ್ತು ವರ್ಷದ ಹುಡುಗ, ಅವನಿಗೆ ತಿಳಿಯುತ್ತದೆ. ‘ನೀನು ದಡ್ಡ ಅಲ್ಲ ಕಣೋ, ಓದೋದು ಬರೆಯೋದು ಮಾತ್ರ ಕಷ್ಟ ಆಗ್ತಿದೆ. ಆ ಬೇಜಾರು ಹೇಳ್ಕೊಳ್ಳೋಕೆ ಒಬ್ಬರಿದ್ದಾರೆ’ ಅನ್ನು. ಅಲ್ಲಿ ಮುಕ್ಕಾಲು ಗಂಟೆ ಬರೀ ಚಿತ್ರ ಬರೆದು ಬಂದರೂ ದುಡ್ಡು ದಂಡ ಅಂದುಕೊಳ್ಳಬೇಡ. ಮಕ್ಕಳ ದುಃಖ ಬಾಯಲ್ಲಿ ಬರುವ ಮೊದಲು ಕೈಯಲ್ಲಿ ಬರುತ್ತದೆ. ಗಾಡಿ ಹತ್ತುತ್ತಲೇ ಏನು ಕೇಳಿದರು, ನೀನೇನಂದೆ ಅಂತ ಶುರು ಮಾಡಲೂಬೇಡ. ಅವನಿಗೆ ಅಪಾಯವಾಗುವಂಥದ್ದಿದ್ದರೆ ಕೌನ್ಸೆಲರೇ ನಿನಗೆ ತಿಳಿಸುತ್ತಾರೆ. ಮಿಕ್ಕ ಮಾತು ಅವನದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಮೈಸೂರು ಹತ್ತಿರವಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗು. ಅಲ್ಲಿಯವರೆಗೆ ನಿನಗೇ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ನಡುರಾತ್ರಿಯಾದರೂ ಸರಿ.

ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆನೋ ಅಂತ ಬರೆದಿದ್ದೀಯ. ಏನೂ ಮಾಡಿಲ್ಲ ತಾಯಿ. ಇದು ವಂಶದಲ್ಲೇ ಬರುವುದುಂಟು. ಅಳಿಯಂದಿರು ಬ್ಯಾಂಕಿನ ಫಾರಂ ಬಂದರೆ ಯಾವಾಗಲೂ ನಿನ್ನ ಕೈಗೇ ಕೊಡುತ್ತಾರೆ ಅಂದಿದ್ದೆಯಲ್ಲ. ಒಂದು ದಿನ ಕೌನ್ಸೆಲಿಂಗ್‌ಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗು. ಬಲವಂತ ಬೇಡ. ಅವರಿಗೂ ಯಾವುದೋ ಉಕ್ತಲೇಖನದ ದಿನ ನೆನಪಿರಬಹುದು.