ಕೋಚ್ ರಹೀಂ ಸಾಹೇಬರು: ಆಟದ ಯೋಜನೆ, ಆಟಗಾರರ ಬೆಳವಣಿಗೆ – ಮುಖ್ಯಾಂಶಗಳು

ದೈಹಿಕ ಶಿಕ್ಷಣದ ಪತ್ರಿಕೆಯಲ್ಲಿ ‘ಒಬ್ಬ ತರಬೇತುದಾರನ ಕೆಲಸವನ್ನು ಮೌಲ್ಯಮಾಪನ ಮಾಡಿ’ ಎಂದು ಕೇಳಿದಾಗ ಗೆದ್ದ ಕಪ್‌ಗಳ ಪಟ್ಟಿ ಕೊಟ್ಟು ಸುಮ್ಮನಾಗುವುದು ಸುಲಭ. ಕೋಚ್‌ನ ಕೆಲಸ ನಿಜವಾಗಿ ಕಾಣುವುದು ಎರಡು ಪ್ರಶ್ನೆಗಳಲ್ಲಿ. ತನ್ನ ಬಳಿ ಇದ್ದ ಆಟಗಾರರಿಗೆ ಒಪ್ಪುವ ಯೋಜನೆಯನ್ನು ಅವನು ಹಾಕಿದನೇ? ಅವನ ಕೈಕೆಳಗೆ ಆ ಆಟಗಾರರು ಮೊದಲಿಗಿಂತ ಬೆಳೆದರೇ? ಇವೆರಡಕ್ಕೂ ಭಾರತದ ಫುಟ್‌ಬಾಲ್‌ನಲ್ಲಿ ಸೈಯದ್ ಅಬ್ದುಲ್ ರಹೀಂ ಅವರಷ್ಟು ತುಂಬಿದ ಉದಾಹರಣೆ ಮತ್ತೊಂದಿಲ್ಲ. ಹಾಗಾಗಿ ಈ ಟಿಪ್ಪಣಿ ಪೂರ್ತಿ ಅವರ ಬಗ್ಗೆ.

ವ್ಯಕ್ತಿ ಪರಿಚಯ

- ಜನನ: 17 ಆಗಸ್ಟ್ 1909, ಹೈದರಾಬಾದ್. ನಿಧನ: 11 ಜೂನ್ 1963, ಕ್ಯಾನ್ಸರ್‌ನಿಂದ. ಆಗ ವಯಸ್ಸು 53.
- ವೃತ್ತಿಯಿಂದ ಶಾಲಾ ಶಿಕ್ಷಕರು. ಆಟಗಾರರ ಬಾಯಲ್ಲಿ ‘ರಹೀಂ ಸಾಬ್’.
- 1943ರಿಂದ ಕೊನೆಯವರೆಗೂ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ.
- ಅವರ ಕ್ಲಬ್ ಹೈದರಾಬಾದ್ ಸಿಟಿ ಪೊಲೀಸ್. ಈ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು.
- ರಾಷ್ಟ್ರೀಯ ತಂಡದ ಕೋಚ್ ಆಗಿ ಎರಡು ಏಷ್ಯನ್ ಕ್ರೀಡಾಕೂಟದ ಚಿನ್ನ (1951 ದೆಹಲಿ, 1962 ಜಕಾರ್ತ), 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ.

ಶಿಕ್ಷಕ ವೃತ್ತಿಯ ವಿಷಯವನ್ನು ಉತ್ತರದಲ್ಲಿ ಬಿಡಬೇಡಿ. ಅವರ ಅಭ್ಯಾಸ ಕ್ರಮದಲ್ಲೆಲ್ಲ ಪಾಠ ಹೇಳುವವರ ಗುರುತು ಇದೆ. ಒಂದು ಕೌಶಲವನ್ನು ಬಿಡಿಸಿ, ಅದನ್ನೊಂದನ್ನೇ ಕಲಿಸಿ, ಆಮೇಲೆ ಆಟಕ್ಕೆ ಕೂಡಿಸುವುದು ಅವರ ಪದ್ಧತಿ.

ಯೋಜನೆ: 1951ರಿಂದ 1960

ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಫೈನಲ್‌ನಲ್ಲಿ ಇರಾನ್ ತಂಡವನ್ನು 1–0ರಿಂದ ಸೋಲಿಸಿತು. ಗೋಲು ಸಾಹು ಮೇವಾಲಾಲ್ ಅವರದು, ನಾಯಕ ಶೈಲೇನ್ ಮನ್ನಾ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು 1–10ರ ಸೋಲು. ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಊರಿನ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಇದ್ದುದರಿಂದ ಪೂರ್ಣಾವಧಿ ಓಡುವ ರೂಢಿಯೂ ಇರಲಿಲ್ಲ. ಆ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು.

ಪರೀಕ್ಷಾ ದೃಷ್ಟಿಯಿಂದ ಹೆಲ್ಸಿಂಕಿಯನ್ನು ‘ಕೋಚ್‌ನ ವೈಫಲ್ಯ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ತಪ್ಪು. ಆ ಯುಗೊಸ್ಲಾವಿಯ ಅದೇ ಕೂಟದಲ್ಲಿ ಬೆಳ್ಳಿ ಗೆದ್ದ ತಂಡ. ನೋಡಬೇಕಾದ್ದು ಆ ಸೋಲಿನಿಂದ ಏನು ಬದಲಾಯಿತು ಎಂಬುದನ್ನು.

ಆಗ ನಮ್ಮಲ್ಲಿ ಬ್ರಿಟಿಷರಿಂದ ಬಂದ 2-3-5 ವ್ಯೂಹ, ಒಬ್ಬನೇ ಚೆಂಡನ್ನು ಡ್ರಿಬಲ್ ಮಾಡುತ್ತಾ ಸಾಗುವ ಅಭ್ಯಾಸ. ಜನ ಮೆಚ್ಚುತ್ತಿದ್ದುದೂ ಅದನ್ನೇ. 1953ರಲ್ಲಿ ಹಂಗೆರಿ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದಾಗ ಜಗತ್ತಿನ ಕೋಚ್‌ಗಳೆಲ್ಲ ಹೊಸದಾಗಿ ಯೋಚಿಸಬೇಕಾಯಿತು. ಹಂಗೆರಿಯ ಸೆಂಟರ್ ಫಾರ್ವರ್ಡ್ ಹಿದೆಗ್‌ಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದ್ದರು. ಅವರನ್ನು ಕಾಯಬೇಕಾದ ಡಿಫೆಂಡರ್ ತನ್ನ ಜಾಗ ಬಿಟ್ಟು ಹಿಂಬಾಲಿಸಬೇಕೋ ನಿಂತಲ್ಲೇ ನಿಲ್ಲಬೇಕೋ ತಿಳಿಯದೆ ಕಂಗಾಲಾದ. ರಹೀಂ ಈ ತಂತ್ರವನ್ನು ಭಾರತ ತಂಡಕ್ಕೆ ತಂದರು. ಮುಂಚೂಣಿಯಿಂದ ಒಬ್ಬನನ್ನು ಹಿಂದಕ್ಕೆ ಎಳೆದು, ಚೆಂಡನ್ನು ನೆಲದ ಮೇಲೇ ಇಟ್ಟು, ಒಂದೇ ಸ್ಪರ್ಶದಲ್ಲಿ ಪಾಸ್ ಮಾಡುವ ಆಟ ಕಲಿಸಿದರು.

ಇಲ್ಲಿ ಅವರ ವಿವೇಕ ಕಾಣುತ್ತದೆ. ನಮ್ಮ ಹುಡುಗರು ಯುರೋಪಿನವರಿಗಿಂತ ಕುಳ್ಳಗೆ, ಹಗುರ. ಎತ್ತರದ ಚೆಂಡಿಗೆ ಭುಜ ಕೊಟ್ಟು ಸೆಣಸಿದರೆ ಸೋಲು ಖಚಿತ. ಚೆಂಡು ನೆಲದಲ್ಲಿದ್ದು ಬೇಗ ಕೈ ಬದಲಾದರೆ ಎದುರಾಳಿಯ ಎತ್ತರವೂ ತೂಕವೂ ಉಪಯೋಗಕ್ಕೆ ಬಾರವು. ಹಂಗೆರಿಯ ತಂತ್ರವನ್ನು ಅವರು ತಂದದ್ದು ಅದು ಹೊಸದೆಂಬ ಕಾರಣಕ್ಕಲ್ಲ, ತಮ್ಮ ಹುಡುಗರಿಗೆ ಒಪ್ಪಿದ್ದರಿಂದ.

ಫಲ ಕಂಡದ್ದು 1956ರ ಮೆಲ್ಬರ್ನ್‌ನಲ್ಲಿ:

- ಮೊದಲ ಸುತ್ತಿನಲ್ಲಿ ಹಂಗೆರಿ ಹಿಂದೆ ಸರಿದದ್ದರಿಂದ ವಾಕ್‌ಓವರ್.
- ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಆಸ್ಟ್ರೇಲಿಯ ವಿರುದ್ಧ 4–2ರ ಜಯ. ನೆವಿಲ್ ಡಿಸೋಜಾ ಹ್ಯಾಟ್ರಿಕ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು.
- ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ ಎದುರು ಮೊದಲ ಗೋಲು ಭಾರತದ್ದೇ, ಡಿಸೋಜಾ ಅವರಿಂದ. ಕೊನೆಗೆ 1–4ರ ಸೋಲು.
- ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ವಿರುದ್ಧ 0–3.
- ನಾಯಕ ಸಮರ್ ‘ಬದ್ರು’ ಬ್ಯಾನರ್ಜಿ. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ಇದು.

ನಾಲ್ಕನೇ ಸ್ಥಾನಕ್ಕೆ ಗೆದ್ದದ್ದು ಒಂದೇ ಪಂದ್ಯ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಅದೇ ಯುಗೊಸ್ಲಾವಿಯ ಎದುರು ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತಿಂದ ತಂಡ ಈಗ ಮುನ್ನಡೆ ಪಡೆದಿತ್ತು. ನನ್ನ ಮಟ್ಟಿಗೆ ಈ ಹೋಲಿಕೆ ನಾಲ್ಕನೇ ಸ್ಥಾನಕ್ಕಿಂತ ಹೆಚ್ಚು ಹೇಳುತ್ತದೆ.

1960ರ ರೋಮ್‌ನಲ್ಲಿ ಗುಂಪು ಹಂತ ದಾಟಲಾಗಲಿಲ್ಲ. ಫ್ರಾನ್ಸ್ ಜೊತೆ 1–1 (ಗೋಲು: ನಾಯಕ ಪಿ.ಕೆ. ಬ್ಯಾನರ್ಜಿ), ಹಂಗೆರಿ ವಿರುದ್ಧ 1–2 (ಗೋಲು: ತುಳಸೀದಾಸ್ ಬಲರಾಮ್), ಪೆರು ವಿರುದ್ಧ 1–3. ಪಟ್ಟಿ ನೋಡಿದರೆ ಒಂದೂ ಗೆಲುವಿಲ್ಲ. ಆದರೂ ಆ ಹಂಗೆರಿ ಕಂಚು ಗೆದ್ದ ತಂಡ, ಅದರೆದುರು ಸೋಲಿನ ಅಂತರ ಒಂದೇ ಗೋಲು. ಮೆಲ್ಬರ್ನ್‌ಗಿಂತ ರೋಮ್‌ನ ತಂಡವೇ ಗಟ್ಟಿ ಎಂದು ನಾನು ಹೇಳುತ್ತೇನೆ.

4-2-4 ವ್ಯೂಹದ ಬಗ್ಗೆ ಒಂದು ಎಚ್ಚರಿಕೆ. ಈ ವ್ಯೂಹದಿಂದ ಬ್ರೆಜಿಲ್ 1958ರ ವಿಶ್ವಕಪ್ ಗೆದ್ದಿತು. ‘ಬ್ರೆಜಿಲ್‌ಗಿಂತ ಮೊದಲೇ ರಹೀಂ ಇದನ್ನು ಕಂಡುಹಿಡಿದರು’ ಎಂದು ಅಭಿಮಾನದಿಂದ ಬರೆಯುವವರಿದ್ದಾರೆ. ಉತ್ತರದಲ್ಲಿ ‘ಭಾರತ ತಂಡವನ್ನು 2-3-5ರಿಂದ ಬಿಡಿಸಿ 4-2-4ಕ್ಕೆ ತಂದವರು ರಹೀಂ’ ಎಂದು ಬರೆದರೆ ಸಾಕು. ಅವರ ಹಿರಿಮೆಗೆ ಅಷ್ಟೇ ಬೇಕಾದಷ್ಟಾಯಿತು.

ಜಕಾರ್ತ, 1962

ಯೋಜನೆಯ ಬಗೆಗಿನ ಯಾವ ಪ್ರಶ್ನೆಗೂ ಇದೇ ಮುಖ್ಯ ಉದಾಹರಣೆ. ನಾಯಕ ಚುನಿ ಗೋಸ್ವಾಮಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ವಿರುದ್ಧ 0–2ರ ಸೋಲು. ನಂತರ ಥಾಯ್ಲೆಂಡ್ ವಿರುದ್ಧ 4–1, ಜಪಾನ್ ವಿರುದ್ಧ 2–0ರ ಗೆಲುವು.

ಥಾಯ್ಲೆಂಡ್ ಪಂದ್ಯದಲ್ಲಿ ಪ್ರಮುಖ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಅಂಥವರನ್ನು ಹಿಂದೆ ನಿಲ್ಲಿಸಿದರೆ ಎದುರಾಳಿಯ ಪ್ರತಿ ಎತ್ತರದ ಚೆಂಡಿಗೂ ತಲೆ ಕೊಡಲೇಬೇಕು. ಕೂರಿಸಿದರೆ ತಂಡದ ಧೈರ್ಯ ಕುಗ್ಗುತ್ತದೆ. ರಹೀಂ ಈ ಜರ್ನೈಲ್ ಅವರನ್ನೇ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವಿನಲ್ಲಿ ಒಂದು ಗೋಲು ಜರ್ನೈಲ್ ಅವರದು, ಎರಡು ಚುನಿ ಅವರವು.

ಫೈನಲ್ ಸೆಪ್ಟೆಂಬರ್ 4ರಂದು, ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ವೀಸಾ ನೀಡದ್ದನ್ನು ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಸೆನಯಾನ್ ಕ್ರೀಡಾಂಗಣ ಭಾರತದ ವಿರುದ್ಧ ಕೆರಳಿತ್ತು. ಜ್ವರದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನು ರಹೀಂ ಕಣಕ್ಕಿಳಿಸಿದರು. ಮೊದಲ ಇಪ್ಪತ್ತು ನಿಮಿಷದಲ್ಲೇ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ತಲಾ ಒಂದು ಗೋಲು ಹೊಡೆದರು. ಕೊರಿಯ ಒಂದನ್ನು ತೀರಿಸಿದ್ದು ಕೊನೆಗಾಲದಲ್ಲಿ. ಫಲಿತಾಂಶ 2–1.

ಒಂದೇ ಕೂಟದಲ್ಲಿ ಒಂದೇ ಎದುರಾಳಿಗೆ ಸೋತು, ಓದಿಕೊಂಡು, ತಿದ್ದಿಕೊಂಡು ಗೆದ್ದದ್ದು ಇಲ್ಲಿಯ ಮುಖ್ಯ ಅಂಶ. ಆ ಹೊತ್ತಿಗೆ ರಹೀಂ ಕಾಯಿಲೆಯಲ್ಲಿದ್ದರು. ಒಂಬತ್ತು ತಿಂಗಳಲ್ಲಿ ತೀರಿಕೊಂಡರು.

ಆಟಗಾರರ ಬೆಳವಣಿಗೆ

- ಡ್ರಿಬಲ್ ನಿಷೇಧಿಸಿದ ಪಂದ್ಯಾವಳಿ: ಚೆಂಡು ಬಂದ ಕೂಡಲೇ ಪಾಸ್ ಮಾಡಬೇಕು. ಕಲಿತದ್ದು, ಚೆಂಡು ತಲುಪುವ ಮೊದಲೇ ತಲೆ ಎತ್ತಿ ನೋಡುವುದು.
- ದುರ್ಬಲ ಕಾಲಿನ ಪಂದ್ಯಾವಳಿ: ಬಲಗಾಲಿನವರು ಎಡಗಾಲಲ್ಲಿ ಮಾತ್ರ ಆಡಬೇಕು. ಕಲಿತದ್ದು, ಎರಡೂ ಕಾಲಿನ ಆಟ.
- ಒಬ್ಬನಿಗೆ ಒಂದೇ ಜಾಗ ಎಂಬ ಕಟ್ಟು ಇಲ್ಲ. ಯೂಸುಫ್ ಖಾನ್ ಹಲವು ಸ್ಥಾನಗಳಲ್ಲಿ ಆಡಬಲ್ಲವರಾದರು.

ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಹುಡುಗ ಬಲರಾಮ್‌ಗೆ ಅಭ್ಯಾಸಕ್ಕೆ ಬರಲು ಹಣವಿರಲಿಲ್ಲ. ರಹೀಂ ಸೈಕಲ್ ಖರ್ಚು ಕೊಟ್ಟು ಕರೆಸಿಕೊಂಡರು. ಆತ ಎರಡು ಒಲಿಂಪಿಕ್ಸ್ ಆಡಿ, ಪಿ.ಕೆ. ಮತ್ತು ಚುನಿ ಜೊತೆ ದೇಶದ ಹೆಸರಾಂತ ತ್ರಿವಳಿಯಲ್ಲಿ ಒಬ್ಬರಾದರು. ಇನ್ನೊಂದು ಕಡೆ, ರೋಮ್ ತಂಡದಲ್ಲಿದ್ದ ರಹೀಂ ಅವರ ಸ್ವಂತ ಮಗ ಸೈಯದ್ ಶಾಹಿದ್ ಹಕೀಂ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಆಯ್ಕೆಯಲ್ಲಿ ನಿಷ್ಪಕ್ಷಪಾತ ಎಂಬ ಅಂಶಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಹುಡುಕಬೇಕಿಲ್ಲ. ಹಕೀಂ ಮುಂದೆ ಫಿಫಾ ರೆಫರಿಯಾದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು, 2021ರಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದರು.

ಅರ್ಜುನ ಪ್ರಶಸ್ತಿ ಪಡೆದ ಶಿಷ್ಯರು: ಪಿ.ಕೆ. ಬ್ಯಾನರ್ಜಿ (1961), ಬಲರಾಮ್ (1962), ಚುನಿ ಗೋಸ್ವಾಮಿ (1963), ಜರ್ನೈಲ್ ಸಿಂಗ್ (1964), ಯೂಸುಫ್ ಖಾನ್ (1966), ತಂಗರಾಜ್ (1967).

ಕರ್ನಾಟಕದ ನಂಟು

ಹೆಲ್ಸಿಂಕಿಯ ಆ 1–10ರಲ್ಲಿ ಭಾರತದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. 1951ರ ಚಿನ್ನದ ತಂಡದಲ್ಲೂ ಅವರಿದ್ದರು. ಹಾಫ್‌ಬ್ಯಾಕ್ ಕೆಂಪಯ್ಯ ಮೆಲ್ಬರ್ನ್ ಮತ್ತು ರೋಮ್ ಎರಡೂ ತಂಡಗಳಲ್ಲಿದ್ದರು. 1962ರ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಈ ಮೂರು ಹೆಸರನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಕೊರತೆ

ಮೌಲ್ಯಮಾಪನ ಎಂದ ಮೇಲೆ ಹೊಗಳಿಕೆ ಮಾತ್ರ ಸಾಲದು. ರಹೀಂ ಕಟ್ಟಿದ ಪದ್ಧತಿ ಅವರೊಬ್ಬರ ಮೇಲೆ ನಿಂತಿತ್ತು. ಅವರ ಅಭ್ಯಾಸ ಕ್ರಮವನ್ನು ದೇಶದ ಶಾಲೆ, ಜಿಲ್ಲೆ, ಕ್ಲಬ್‌ಗಳಿಗೆ ಪಠ್ಯವಾಗಿ ಇಳಿಸುವ ಕೆಲಸ ನಡೆಯಲಿಲ್ಲ. ಈ ಹೊಣೆ ರಹೀಂ ಅವರಿಗಿಂತ ಆಡಳಿತ ನಡೆಸಿದವರದ್ದು ಎಂಬುದು ನನ್ನ ತೀರ್ಪು. ಅವರ ಶಿಷ್ಯರ ಆಟ ಇರುವವರೆಗೆ ಫಲ ಸಿಕ್ಕಿತು: 1964ರ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ. ಪಿ.ಕೆ. ಬ್ಯಾನರ್ಜಿ ತಾವೇ ಕೋಚ್ ಆಗಿ ನಿಂತಾಗ 1970ರ ಬ್ಯಾಂಕಾಕ್‌ನಲ್ಲಿ ಕಂಚು, ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಪದಕ ಬಂದಿಲ್ಲ. ಪುರುಷರ ತಂಡ ಆಡಿದ ಕೊನೆಯ ಒಲಿಂಪಿಕ್ಸ್ 1960ರ ರೋಮ್.

ಉತ್ತರ ಬರೆಯುವವರಿಗೆ

ಹತ್ತು ಅಂಕದ ಪ್ರಶ್ನೆಯಾದರೆ ಪದಕಗಳಿಗೆ ಎರಡು ಸಾಲು ಸಾಕು. ಯುಗೊಸ್ಲಾವಿಯ ವಿರುದ್ಧದ 1952 ಮತ್ತು 1956ರ ಪಂದ್ಯಗಳನ್ನು ಹೋಲಿಸಿ, ಜರ್ನೈಲ್ ಅವರ ಜಾಗ ಬದಲಿಸಿದ ಕಾರಣ ಬರೆಯಿರಿ, ದುರ್ಬಲ ಕಾಲಿನ ಪಂದ್ಯಾವಳಿಯನ್ನು ವಿವರಿಸಿ. 2024ರಲ್ಲಿ ಬಂದ ‘ಮೈದಾನ್’ ಹಿಂದಿ ಚಿತ್ರ ರಹೀಂ ಅವರ ಬದುಕನ್ನು ಆಧರಿಸಿದ್ದು. ನೋಡಿ, ಆದರೆ ಇಸವಿ ಮತ್ತು ಅಂಕಿಗಳಿಗೆ ಸಿನಿಮಾವನ್ನು ನೆಚ್ಚಬೇಡಿ. ಮುಂದೆ ನೀವೇ ಶಾಲೆಯೊಂದರ ದೈಹಿಕ ಶಿಕ್ಷಕರಾದಾಗ ಮಕ್ಕಳಿಗೆ ವಾರಕ್ಕೊಂದು ಸಲವಾದರೂ ದುರ್ಬಲ ಕಾಲಿನ ಪಂದ್ಯ ಆಡಿಸಿ.